ಗಟ್ಟಿಮೇಳ ಮುಗಿದ ಮೇಲೆ

ಗದಗಿನಲ್ಲಿ ಸಂಗೀತದ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಸಿಗುವುದು ಕಷ್ಟ. ಚಾದಂಗಡಿಯಲ್ಲಿ ಕೂತವರೂ ಹಾಡಿಗೆ ತಲೆದೂಗುವ ಮುಂಚೆ ಇದು ಯಾವ ರಾಗ ಎಂದು ಪಕ್ಕದವನ ಜೊತೆ ಜಗಳ ತೆಗೆಯುತ್ತಾರೆ. ಇಂಥ ಊರಿನಲ್ಲಿ ನನ್ನ ಮಾಮಾ, ಅಂದರೆ ಅವ್ವನ ತಮ್ಮ, ಫ್ರೀ ಜಾಝ್ ಊದುವ ಸ್ಯಾಕ್ಸೊಫೋನ್ ವಾದಕ. ರಾಗ ಇಲ್ಲ, ತಾಳ ಇಲ್ಲ, ಮೊದಲೇ ಗೊತ್ತುಮಾಡಿಕೊಂಡ ಧಾಟಿ ಇಲ್ಲ. ಆ ಹೊತ್ತಿಗೆ ಹೊಳೆದದ್ದನ್ನು ಊದುವುದು. ನಮ್ಮ ಓಣಿಯವರ ವಿಮರ್ಶೆ ಇನ್ನೂ ಚಿಕ್ಕದು: "ಎಮ್ಮಿ ಈಯಾಕತ್ತೈತಿ ನೋಡ್ರಿ."

ಹೊಟ್ಟೆಪಾಡಿಗೆ ಅವನು ಬೆಟಗೇರಿಯ ಒಂದು ಮದುವೆ ಬ್ಯಾಂಡಿನಲ್ಲಿದ್ದ. ಮೀಸೆ ಮೂಡುವ ಮೊದಲೇ ಸೇರಿ, ಕ್ಲಾರಿನೆಟ್ ಕಲಿತು, ಆಮೇಲೆ ಸ್ಯಾಕ್ಸಿಗೆ ಬಂದವನು. ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ಅವನು ಊದದ ಮದುವೆಮನೆ ಕಡಿಮೆ. ಒಂದು ದಿನ ಫೋನಿನಲ್ಲಿ ಯಾರೋ ಪರದೇಶದ ಮುದುಕ ಊದಿದ್ದನ್ನು ಕೇಳಿ ಎದ್ದು ನಿಂತ.

"ಏ, ಇದನ್ನ ನಾ ಇಪ್ಪತ್ತು ವರ್ಷದಿಂದ ಊದಾಕತ್ತೀನಲ್ಲ!"

"ಎಲ್ಲಿ?" ಎಂದೆ.

"ಗಟ್ಟಿಮೇಳದಾಗ."

ತಾಳಿ ಕಟ್ಟಿ ಅಕ್ಕಿಕಾಳು ಬೀಳುವಾಗ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು ಬ್ಯಾಂಡಿನವರೆಲ್ಲ ಒಮ್ಮೆಲೇ, ಕೈಗೆ ಬಂದಂತೆ, ಜೋರಾಗಿ ಬಾರಿಸುತ್ತಾರೆ. "ಆವಾಗ ಯಾರರ ಯಾವ ರಾಗ ಅಂತ ಕೇಳ್ಯಾರೇನವ್ವಾ?" ಎಂದ ಮಾಮಾ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಇದನ್ನು ಸುಮ್ಮನೆ ಬಿಡುವುದುಂಟೇ? "ಅದು ಗದ್ದಲ ಮುಚ್ಚಾಕ ಮಾಡೋ ಗದ್ದಲ ಮಾಮಾ. ನಿನ್ನ ಸಂಗೀತದಾಗ ತಪ್ಪು ಸ್ವರ ಅನ್ನೋದ ಇಲ್ಲಂದ್ರ ಸರಿ ಸ್ವರಾನೂ ಇಲ್ಲ. ಮತ್ತ ದಿನಾ ಯಾಕ ರಿಯಾಜ ಮಾಡ್ತಿ?"

"ತಪ್ಪು ಐತಿ."

"ಯಾವುದು? ಹೇಳು."

"ಊದಿದಾಗ ಗೊತ್ತಾಗತೈತಿ."

"ಇದು ಉತ್ತರ ಅಲ್ಲ."

"ಆತು ವಕೀಲಮ್ಮ, ರೊಟ್ಟಿ ಆರಾಕತ್ತೈತಿ, ತಿನ್ನು."

ಆ ವರ್ಷ ಆಷಾಢದ ಹೊಸ್ತಿಲಲ್ಲಿ ಮುಂಡರಗಿಯಲ್ಲಿ ನನ್ನ ಗೆಳತಿಯ ಮದುವೆ, ಬಂದದ್ದು ಮಾಮಾ ಇದ್ದ ಬ್ಯಾಂಡೇ. ಅಕ್ಕಿಕಾಳು ಬಿತ್ತು, ಗಟ್ಟಿಮೇಳ ಮೊಳಗಿತು, ಬ್ಯಾಂಡ್ ಮಾಸ್ತರರು ಕೈ ಎತ್ತಿದರು, ಎಲ್ಲರೂ ನಿಲ್ಲಿಸಿದರು. ಮಾಮಾ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಊದುತ್ತಲೇ ಹೋದ. ಅಯ್ಯನವರು ಮುಂದಿನ ಮಂತ್ರವನ್ನು ಬಾಯಲ್ಲೇ ಹಿಡಿದು ನಿಂತರು. ಹಿಂದಿನ ಸಾಲಿನ ಅಜ್ಜಿಯೊಬ್ಬಳು ಕೂಗಿದಳು: "ತಾಳಿ ಕಟ್ಟಿದ್ದು ಆತಲ್ಲೋ ಯಪ್ಪಾ, ಇನ್ನ ಯಾರಿಗೆ ಕಟ್ಟಸ್ತಿ?"

ಮಂಟಪವೆಲ್ಲ ನಕ್ಕಿತು. ಮಾಸ್ತರರು ನಗಲಿಲ್ಲ. ಮರುದಿನ ಹೇಳಿದ್ದು ಎರಡೇ ಮಾತು: "ಸ್ಯಾಕ್ಸು ಕಂಪನೀದು. ಶುಕ್ರವಾರ ತಂದಿಡು."

ಮಾಮಾನಿಗೆ ಸ್ವಂತದ್ದೆಂದು ಇನ್ನೊಂದು ಸ್ಯಾಕ್ಸು ಇರಲಿಲ್ಲ. ಎರಡು ದಿನ ಅದನ್ನು ಒರೆಸುತ್ತ ಕೂತ, ಊದಲಿಲ್ಲ. ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತನಾಡತೊಡಗಿದೆವು. ಮೂರನೆಯ ದಿನ ನಾನೇ ಬ್ಯಾಂಡಿನ ಅಂಗಡಿಗೆ ಹೋದೆ. ಚರ್ಚೆಯಲ್ಲಿ ಯಾವ ಪಕ್ಷ ಬಂದರೂ ವಾದಿಸಬೇಕು, ನಂಬಲೇಬೇಕೆಂಬ ಕಟ್ಟಳೆಯೇನಿಲ್ಲ. ಪರಂಪರೆಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು ಎಂದೆ, ಕೇಳುಗರ ಕಿವಿ ಬೆಳೆಯುವುದೆಂದರೆ ಹೀಗೇ ಎಂದೆ, ಬಹಳ ಎಂದೆ. ಮಾಸ್ತರರು ಡ್ರಮ್ಮಿನ ಹಗ್ಗ ಬಿಗಿಯುತ್ತಲೇ ಕೇಳಿದರು. ಆ ಕೈಗಳಿಗೆ ಅರವತ್ತು ದಾಟಿತ್ತು.

"ಛಲೋ ಮಾತಾಡ್ತಿ ಬೇಟಿ. ಆದ್ರ ನಿನಗ ಅದು ಸೇರೂದಿಲ್ಲ. ಖರೆ ಹೇಳು."

ಸಿಕ್ಕಿಬಿದ್ದೆ. "ಹೌದ್ರಿ, ಸೇರೂದಿಲ್ಲ."

"ಮತ್ತ ಯಾಕ ಬಂದಿ?"

"ಅದನ್ನ ಕಸಗೊಂಡ್ರ ಅಂವ ಮಾತಾಡೋದನ್ನೂ ಬಿಡತಾನ್ರಿ."

ನನ್ನ ಅಷ್ಟೂ ವಾದಗಳಲ್ಲಿ ಅವರ ಕೈ ನಿಂತದ್ದು ಈ ಒಂದಕ್ಕೆ. ಇದು ವಾದವೂ ಆಗಿರಲಿಲ್ಲ. "ಆಷಾಢ ಬಂತು, ಮದುವಿ ಇಲ್ಲ," ಎಂದರು. "ಶುಕ್ರವಾರ ನಮಾಜು ಮುಗಿಸಿ ಅಂಗಡಿಗೆ ಬರ್ತೀನಿ, ಅಂವನ್ನ ಕರಕೊಂಡು ಬಾ. ಕುಂತು ಕೇಳ್ತೀನಿ. ಆಮ್ಯಾಲ ಸ್ಯಾಕ್ಸಿಂದು ಹೇಳ್ತೀನಿ."

ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಮಾಮಾ ನಿಂತು ಊದಿದ. ಮಾಸ್ತರರು ಸ್ಟೂಲಿನ ಮೇಲೆ, ಕೈಯಲ್ಲಿ ಚಾ, ಅವರ ಪಕ್ಕದಲ್ಲಿ ನಾನು. ಮೊದಲು ಉದ್ದನೆಯ ಒಂದೇ ಉಸಿರು, ಆಮೇಲೆ ಸ್ವರಗಳು ಒಂದನ್ನೊಂದು ನೂಕಾಡಿಕೊಂಡು ಬಂದವು. ಬಾಗಿಲಲ್ಲಿ ಜನ ಸೇರಿದರು. "ಯಾವ ರಾಗರೀ?" ಎಂದ ಒಬ್ಬ. "ಸುಮ್ನಿರಪಾ," ಎಂದರು ಮಾಸ್ತರರು. ಹೀಗೇ ಹತ್ತು ನಿಮಿಷ ನಡೆದಿರಬೇಕು. ಅಷ್ಟರಲ್ಲಿ ಸ್ಯಾಕ್ಸಿನಿಂದ ಮಿಠಾಯಿಯಂಥ ಒಂದು ಹಾಡಿನ ತುಣುಕು ಹೊರಬಂತು, ಮೆರವಣಿಗೆಯಲ್ಲಿ ಊದುವಂಥದ್ದು. ಬಾಗಿಲಲ್ಲಿ ನಿಂತವರು ತಲೆದೂಗಿದರು: "ಈಗ ನೋಡ್ರಿ ದಾರಿಗೆ ಬಂದ!" ನನಗೂ ಜೀವ ಬಂದಂತಾಯಿತು.

ಮಾಸ್ತರರು ಮಾತ್ರ ಚಾದ ಲೋಟ ಕೆಳಗಿಟ್ಟು ಗೊಣಗಿದರು: "ಅಯ್ಯ, ಕೆಟ್ಟಿತು."

ಮುಂದಿನ ಉಸಿರಿಗೆ ಮಾಮಾ ತಾನೇ ನಿಲ್ಲಿಸಿದ. ಮಾಸ್ತರರ ಮಾತು ಅವನಿಗೆ ಕೇಳಿಸಿರಲಿಲ್ಲ. ಅವನ ಸ್ಯಾಕ್ಸಿನ ಸದ್ದಿನಲ್ಲಿ ಅದು ಪಕ್ಕದಲ್ಲಿದ್ದ ನನಗೇ ಕಷ್ಟಪಟ್ಟು ಕೇಳಿಸಿತ್ತು. ಬೆವರು ಒರೆಸಿಕೊಂಡು, "ತಪ್ಪಾತ್ರಿ ಮಾಸ್ತರ. ಜನ ಕಂಡು ಅಂಜಿದೆ. ಗೊತ್ತಿದ್ದದ್ದನ್ನ ಊದಿಬಿಟ್ಟೆ," ಎಂದ.

ಒಬ್ಬ ಊದುವವನು, ಒಬ್ಬರು ಕೇಳುವವರು; ಒಂದು ಮಾತೂ ಆಡಿಕೊಳ್ಳದೆ ಇಬ್ಬರೂ ಒಂದೇ ಕಡೆ ತಪ್ಪು ಹಿಡಿದಿದ್ದರು. ಅದೂ ಇಡೀ ಓಣಿ ಶಹಬ್ಬಾಸ್ ಎಂದ ಕಡೆ. ಹಾಗಾದರೆ ತಪ್ಪು ಎಂಬುದು ಇದೆ. ಅದರ ನಿಯಮ ನನಗೆ ಗೊತ್ತಿಲ್ಲ ಎಂದ ಮಾತ್ರಕ್ಕೆ ನಿಯಮವೇ ಇಲ್ಲ ಎಂದು ಸಾಧಿಸುತ್ತ ಬಂದಿದ್ದೆನಲ್ಲ, ಎಂಥ ಹಗುರ ವಾದ!

"ಸ್ಯಾಕ್ಸು ಒಯ್ಯಿ," ಎಂದರು ಮಾಸ್ತರರು. "ಮದುವ್ಯಾಗ ಮಾತ್ರ ಕಣ್ಣು ತಗದು ಊದೋ ಮಾರಾಯ. ನನ್ನ ಕೈ ಕಾಣಬೇಕು." ಆಮೇಲೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಈಗ ಇನ್ನೊಮ್ಮೆ. ತಪ್ಪಿದಲ್ಲಿಂದ ಊದು."

"ಅಲ್ಲಿಂದ ಬರಂಗಿಲ್ಲರಿ. ಮೊದಲಿಂದನ ಬೇರೆ ಆಗತೈತಿ."

"ಬೇರೇನ ಆಗಲಿ."

ಈ ವರ್ಷ ಹುಲಕೋಟಿಯ ಒಂದು ಶಾಲೆಯವರು ಅವನನ್ನು ಕರೆದಿದ್ದಾರೆ. ಮದುವೆಯಿಲ್ಲದ, ಬರೀ ಅವನ ಸ್ಯಾಕ್ಸಿನ ಮೊದಲ ಕಾರ್ಯಕ್ರಮ. ಮುಂಜಾನೆ ಮಾಳಿಗೆಯ ಮೇಲೆ ಅವನ ರಿಯಾಜ, ಕೆಳಗೆ ನನ್ನ ಓದು. ನನಗೆ ಅದು ಇನ್ನೂ ಪೂರ್ತಿ ಹಿಡಿಸಿಲ್ಲ. ಆದರೆ ಮೊನ್ನೆ ಯಾಕೋ ಓದುತ್ತಿದ್ದವಳು ಫಕ್ಕನೆ ತಲೆ ಎತ್ತಿದೆ, ಏನೋ ಕೆಟ್ಟಿತು ಅನ್ನಿಸಿತು. ಅದೇ ಹೊತ್ತಿಗೆ ಮೇಲೆ ಸ್ಯಾಕ್ಸು ನಿಂತಿತು. ಒಂದು ಸಲ ಆದದ್ದು ಪುರಾವೆಯಲ್ಲ. ಇನ್ನಷ್ಟು ದಿನ ಕೇಳಬೇಕು.