ಪಿಂಕಿ ಇದ್ದ ಬೇಸಿಗೆ

ಆಗಿನ್ನೂ ನಮ್ಮೂರಿನಲ್ಲಿ ನಾಯಿಯನ್ನು ಮನೆಯೊಳಗೆ ಸಾಕುವ ರೂಢಿ ಇರಲಿಲ್ಲ. ನಾಯಿ ಎಂದರೆ ಓಣಿಯದು. ಉಳಿದ ರೊಟ್ಟಿ ಎಸೆದರೆ ತಿಂದು ತನ್ನ ಪಾಡಿಗೆ ಹೋಗುವಂಥದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ಕೊಟ್ಟೂರಿನ ಶೇಂಗಾ ಎಣ್ಣೆ ಗಿರಣಿಯಲ್ಲಿ ಗುಮಾಸ್ತ. ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅಂಗಿಯಿಂದ ಬೆಚ್ಚಗಿನ ಹಿಂಡಿಯ ವಾಸನೆ ಬರುತ್ತಿತ್ತು. ಅಲ್ಲಿಯವರೆಗೆ ಇಡೀ ಮನೆಯಲ್ಲಿ ನಾನೊಬ್ಬಳೇ.

ನಾನು ನಾಲ್ಕನೇ ತರಗತಿ ಮುಗಿಸಿದ ಬೇಸಿಗೆ ಅದು. ಅವ್ವ ಬಸುರಿಯಾಗಿದ್ದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಹಾಸಿಗೆ ಬಿಟ್ಟು ಏಳಲೇಬಾರದೆಂದು ಡಾಕ್ಟರು ಹೇಳಿದ್ದರಿಂದ ದಾವಣಗೆರೆಯಲ್ಲಿ ಚಿಗವ್ವನ ಮನೆಗೆ ಹೋಗಿದ್ದಳು. ಅವಳನ್ನು ನೋಡಿಕೊಳ್ಳಲು ಅಜ್ಜಿಯೂ ಹೋಗಿದ್ದಳು. ನನಗೆ ಪಕ್ಕದ ಮನೆಯ ಬಸಕ್ಕ ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಹೋಗುತ್ತಿದ್ದಳು. ಓಣಿಯ ಗೆಳತಿಯರೆಲ್ಲ ರಜೆಗೆ ಅಜ್ಜಿಯ ಊರು ಸೇರಿದ್ದರು. ನಾನು ಅಂಗಳದಲ್ಲಿ ಒಬ್ಬಳೇ ಕುಂಟಬಿಲ್ಲೆ ಆಡುತ್ತ, ನನ್ನ ಸರದಿ ಮುಗಿದ ಮೇಲೆ ಎದುರಾಳಿಯ ಸರದಿಯನ್ನೂ ನಾನೇ ಆಡುತ್ತಿದ್ದೆ.

ಒಂದು ಸಂಜೆ ಅಪ್ಪ ಲೂನಾದ ಮುಂದೆ ಬಿದಿರಿನ ಬುಟ್ಟಿ ಇಟ್ಟುಕೊಂಡು ಬಂದ. ಅದರೊಳಗೆ ಬಿಳಿ ಅರಳೆಯ ಉಂಡೆಯಂಥದ್ದೊಂದು ನಡುಗುತ್ತಿತ್ತು. ಚೂಪು ಮೂತಿ, ಕಪ್ಪು ಗುಂಡಿಯಂಥ ಕಣ್ಣು, ಬೆನ್ನ ಮೇಲೆ ಬಾಗಿದ ಬಾಲ.

“ಬ್ಯಾಂಕಿನ ಸಾಹೇಬ್ರಿಗೆ ವರ್ಗಾ ಆತು. ಅವರು ಹೋಗೋದು ಭಾಳ ದೂರ. ಪಾಮೇರಿಯನ್ ಅಂತ ಇದು. ಹೆಸರು ಪಿಂಕಿ,” ಅಂದ ಅಪ್ಪ. ಆಮೇಲೆ ನನ್ನ ಕಡೆ ನೋಡದೆ, “ನೀನೂ ಒಬ್ಬಾಕೀನ ಇರ್ತೀಯಲ್ಲವಾ,” ಅಂದ.

ಪಿಂಕಿ ಮಂಚದ ಕೆಳಗೆ ಹೋಗಿ ಮೂಲೆ ಹಿಡಿಯಿತು. ಹಾಲು ಮುಟ್ಟಲಿಲ್ಲ, ಅನ್ನ ಮೂಸಲಿಲ್ಲ. ಹೊರಗೆ ಯಾವುದಾದರೂ ಸ್ಕೂಟರಿನ ಸದ್ದಾದರೆ ಮಾತ್ರ ಕಿವಿ ನಿಮಿರುತ್ತಿತ್ತು; ಸದ್ದು ದೂರವಾದ ಮೇಲೆ ಮತ್ತೆ ಮುಖ ಕಾಲೊಳಗೆ. ಅಪ್ಪ ದನದ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಬಾಯಿ, ಕಿವಿ ನೋಡಿ ನಕ್ಕರು.

“ಇದಕ್ಕ ರೋಗ ಇಲ್ರಿ. ಈ ಜಾತಿ ಹಿಂಗ. ಮನಿ ತುಂಬ ಮಂದಿ ಇದ್ರೂ ಒಬ್ಬರನ್ನ ಹಚ್ಕೊಂತಾವು. ಅವರು ಹೋದ್ರ ಸೊರಗತಾವು. ಬಾ ಅಂತ ಕರಿಬ್ಯಾಡ್ರಿ, ಸುಮ್ನ ಹತ್ರ ಕುಂದರ್ರಿ.”

ನಾನು ಮಂಚದ ಪಕ್ಕ ನೆಲದ ಮೇಲೆ ಮಲಗಿದೆ. ಸುಮ್ಮನಿರಲು ಆಗದೆ ಮಾತಾಡತೊಡಗಿದೆ. ಅವ್ವನ ಹೊಟ್ಟೆಯೊಳಗೆ ಕೂಸು ಇದೆ ಎಂದೆ. ಈ ಸಲವೂ ಅದು ಬರದಿದ್ದರೆ ಅವ್ವ ವಾಪಸ್ಸು ಬರುತ್ತಾಳೋ ಇಲ್ಲವೋ ಎಂದೆ. ಅಪ್ಪನ ಹತ್ತಿರ ಕೇಳಲಾಗದ ಮಾತು ಅದು. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಆಗ ಕೈಗೆ ಏನೋ ತಣ್ಣಗೆ ತಾಗಿತು. ಪಿಂಕಿಯ ಮೂಗು.

ಅಂದಿನಿಂದ ಅದು ನನ್ನದಾಯಿತು. ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕಾವಲು. ಬಸಕ್ಕ ತಟ್ಟೆ ತಂದರೆ ಅವಳ ಮೇಲೆ ಬೊಗಳಾಟ. ಗಾತ್ರ ಬೆಕ್ಕಿನಷ್ಟು, ಗತ್ತು ಹುಲಿಯದು. ಓಣಿಯ ಕರಿ ನಾಯಿ ಕೂಡ ಆ ಸದ್ದಿಗೆ ಗಾಬರಿಯಾಗಿ ಪಕ್ಕಕ್ಕೆ ಸರಿಯುತ್ತಿತ್ತು.

“ನಾಯಿ ಅಲ್ಲವಾ ಇದು, ಪೊಲೀಸಪ್ಪ,” ಎನ್ನುತ್ತಿದ್ದಳು ಬಸಕ್ಕ.

ನಮ್ಮ ಕಡೆಯ ಬಿಸಿಲಿಗೆ ಆ ಕೂದಲು ಶಿಕ್ಷೆಯೇ ಅನಿಸುತ್ತಿತ್ತು. ಕ್ಷೌರದಂಗಡಿಯ ಕೊಟ್ರಪ್ಪ ಬೋಳಿಸಿಕೊಡುತ್ತೇನೆ ಎಂದ. ಡಾಕ್ಟರು ಬೇಡವೆಂದರು, ಬಿಸಿಲನ್ನು ತಡೆಯುವುದೂ ಅದೇ ಕೂದಲಂತೆ, ಬೋಳಿಸಿದರೆ ಚರ್ಮ ಸುಡುತ್ತದಂತೆ. ಹಾಗಾಗಿ ದಿನಾ ಬಾಚುವುದೇ ನನ್ನ ಕೆಲಸ. ಮೇಲಿನ ಉದ್ದ ಕೂದಲ ಕೆಳಗೆ ಹತ್ತಿಯಂಥ ಇನ್ನೊಂದು ಪದರ. ಅದು ಗಂಟು ಕಟ್ಟದಂತೆ ಬುಡದಿಂದ ಬಿಡಿಸಬೇಕು. ಬಾಚುವಾಗ ಪಿಂಕಿ ಕಣ್ಣು ಮುಚ್ಚಿ ತೊಡೆಗೆ ಒರಗುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಗಿ ತಗಡಿನ ಮನೆ ಬಾಣಲೆಯಂತಾಯಿತು. ಪಿಂಕಿ ಏದುಸಿರು ಬಿಡುತ್ತ ಬಿದ್ದುಕೊಂಡಿತು. ನಾಲಿಗೆ ಕಡುಗೆಂಪಾಗಿತ್ತು, ಕರೆದರೂ ತಲೆ ಎತ್ತಲಿಲ್ಲ. ಬಸಕ್ಕ ಓಡಿಬಂದು ಗೋಣಿಚೀಲ ತೋಯಿಸಿ ಹಾಸಿದಳು. ನಾನು ಒದ್ದೆ ಬಟ್ಟೆಯಿಂದ ಹೊಟ್ಟೆ, ಪಾದ ಒರೆಸುತ್ತ, ಮೊರದಿಂದ ಗಾಳಿ ಹಾಕುತ್ತ ಕೂತೆ. “ನೀನಾರ ಇರು, ನೀನಾರ ಇರು,” ಎನ್ನುತ್ತಿದ್ದೆನಂತೆ. ಹೊತ್ತು ಇಳಿದ ಮೇಲೆ ಅದು ಎದ್ದು ನಾಲ್ಕು ಗುಟುಕು ನೀರು ಕುಡಿಯಿತು. ಬಸಕ್ಕ ಸೆರಗಿನಿಂದ ನನ್ನ ಮುಖ ಒರೆಸಿದಳು.

ಮೊದಲ ಮಳೆ ಬಿದ್ದ ಮೇಲೆ ತಮ್ಮ ಹುಟ್ಟಿದ, ದಿನ ತುಂಬುವ ಮೊದಲೇ. ಅವ್ವ ಅವನನ್ನು ಎದೆಗವಚಿಕೊಂಡು ಮನೆಗೆ ಬಂದಾಗ ನಾನು ಬಾಗಿಲಲ್ಲೇ ಅವಳ ಸೊಂಟ ತಬ್ಬಿಕೊಂಡೆ. ಕೂಸು ಒಂದು ಹಿಡಿಯಷ್ಟಿತ್ತು. ಉಸಿರಾಡಿದರೆ ಎದೆಗೂಡು ಒಳಗೆ ಹೋಗುತ್ತಿತ್ತು. ಹೊಗೆ, ಧೂಳು, ನಾಯಿಕೂದಲು ಏನೂ ತಾಗಬಾರದೆಂದು ಅಲ್ಲಿಯ ಡಾಕ್ಟರು ಎಚ್ಚರಿಸಿದ್ದರಂತೆ. ಪಿಂಕಿಯ ಕೂದಲು ಚಾಪೆಯಲ್ಲಿ, ಕೌದಿಯಲ್ಲಿ, ನಮ್ಮ ಬಟ್ಟೆಯಲ್ಲಿ, ಎಲ್ಲೆಲ್ಲೂ.

“ಹಿತ್ತಲಾಗ ಕಟ್ಟಿದ್ರಾತು. ಹುಡುಗಿ ಹಚ್ಕೊಂಡೈತಿ,” ಎಂದಳು ಅವ್ವ.

ಹಿತ್ತಲಲ್ಲಿ ಕಟ್ಟಿದೆವು. ಹಗಲೆಲ್ಲ ಊಳಿಟ್ಟಿತು. ಆಮೇಲೆ ಊಳಿಡುವುದನ್ನೂ ಬಿಟ್ಟು ತನ್ನ ಕಾಲಿನ ಕೂದಲನ್ನು ತಾನೇ ಕಿತ್ತುಕೊಳ್ಳತೊಡಗಿತು. ಒಳಗೆ ತಮ್ಮನ ಗೊರಗೊರ. ನಾನು ಪಿಂಕಿಯ ಹತ್ತಿರ ಕೂತು ಬಂದರೆ ಬಟ್ಟೆ ಬದಲಿಸಿ, ಕೈಕಾಲು ತೊಳೆದು ಒಳಗೆ ಬರಬೇಕಿತ್ತು. ಒಂದು ಸಂಜೆ ತಮ್ಮನ ತುಟಿ ನೀಲಿಗಟ್ಟಿದ್ದನ್ನು ಕಂಡೆ. ಅಪ್ಪ ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದ. ಮರಳಿ ಬಂದಾಗ ನಾನೇ ಹೇಳಿದೆ: “ಅಪ್ಪಾ, ಪಿಂಕೀನ ಯಾರಿಗಾರ ಕೊಡೋಣು. ಹಗಲೆಲ್ಲ ಮನ್ಯಾಗ ಇರೋರಿಗೆ ಕೊಡೋಣು.”

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ.

ಉಜ್ಜಿನಿಯಲ್ಲಿ ಅಪ್ಪನ ಗೆಳೆಯರೊಬ್ಬರ ತಂಗಿ ಕಮಲಕ್ಕ ಇದ್ದಳು. ಒಂದು ಕಾಲು ಕುಂಟು, ಮದುವೆಯಾಗಿರಲಿಲ್ಲ, ಮನೆಯಲ್ಲೇ ಹೊಲಿಗೆ ಕೆಲಸ. ಅಪ್ಪನ ಜೊತೆ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಕಮಲಕ್ಕ ಚಾ ಮಾಡಿ, ಮಂಡಕ್ಕಿ ಕೊಟ್ಟಳು. ನಾನು ತಿನ್ನದೆ ಹೇಳುತ್ತಲೇ ಇದ್ದೆ.

“ದಿನಾ ಬಾಚಬೇಕ್ರಿ, ಬುಡದಿಂದ. ಬರೇ ಮ್ಯಾಲೆ ಬಾಚಿದ್ರ ಗಂಟಾಕ್ಕಾವು. ಪದೇ ಪದೇ ಮೈ ತೊಳಿಬಾರ್ದು. ತೊಳದ್ರ ಪೂರ್ತಿ ಒಣಗಸ್ರಿ. ಕಣ್ಣಾಗ ನೀರು ಬರತಾವು, ಅರಳೆಯಿಂದ ಒರಸ್ರಿ. ಉಳ್ಳಾಗಡ್ಡಿ ಹಾಕಿದ್ದು ಕೊಡಬ್ಯಾಡ್ರಿ. ಎತ್ತರದಿಂದ ಜಿಗಿಯಾಕ ಬಿಡಬ್ಯಾಡ್ರಿ, ಕಾಲು ಭಾಳ ಸಣ್ಣಾವು. ಗುಡುಗಿದ್ರ ಅಂಜತೈತ್ರಿ. ಆಮ್ಯಾಲೆ… ಆಮ್ಯಾಲೆ…”

ಹೇಳುವುದು ಮುಗಿದರೆ ಏಳಬೇಕಾಗುತ್ತಿತ್ತು. ಕಮಲಕ್ಕ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಕೇಳಿದ ಮೇಲೆ, “ಮಾತಾಡಿದ್ರ ಕೇಳತೈತೇನವಾ?” ಎಂದಳು.

“ಎಲ್ಲಾ ಕೇಳತೈತ್ರಿ,” ಎಂದೆ.

ದಸರೆಯ ರಜೆಯಲ್ಲಿ ಹಟ ಹಿಡಿದು ಅಪ್ಪನೊಂದಿಗೆ ಮತ್ತೆ ಹೋದೆ. ನನ್ನನ್ನು ಕಂಡು ಪಿಂಕಿ ಗಿರಗಿರ ಸುತ್ತಿತು, ನನ್ನ ಮುಖವೆಲ್ಲ ನೆಕ್ಕಿತು, ಸಂತೋಷಕ್ಕೆ ನೆಲದ ಮೇಲೆ ಉಚ್ಚೆ ಹೊಯ್ದುಕೊಂಡಿತು. ಮೈ ಗಂಟಿಲ್ಲದೆ ಹೊಳೆಯುತ್ತಿತ್ತು, ಕಾಲಿನ ಕೂದಲು ಮತ್ತೆ ಬೆಳೆದಿತ್ತು. ಹೊರಡುವಾಗ ಕಮಲಕ್ಕ ಅದನ್ನು ಕಟ್ಟಿಹಾಕಲಿಲ್ಲ, ಬಾಗಿಲೂ ಮುಚ್ಚಲಿಲ್ಲ. ಪಿಂಕಿ ಹೊಸಿಲಿನವರೆಗೆ ಬಂದು ನಿಂತಿತು. ಒಳಗೆ ಹೊಲಿಗೆ ಯಂತ್ರ ತಿರುಗತೊಡಗಿತು. ಅದು ನನ್ನನ್ನು ನೋಡಿತು, ಹೊರಳಿ ಒಳಗೆ ನೋಡಿತು, ಆಮೇಲೆ ಹೋಗಿ ಯಂತ್ರದ ಪಕ್ಕದಲ್ಲಿ ಮಲಗಿತು. ಅಪ್ಪ ನನ್ನ ಕೈ ಹಿಡಿದುಕೊಂಡ.

ತಮ್ಮ ಉಳಿದ. ಈಗ ನನಗಿಂತ ಒಂದು ಗೇಣು ಎತ್ತರ, ಹಡಗಲಿಯಲ್ಲಿ ಮೇಷ್ಟ್ರು. ನನ್ನನ್ನು ಕಂಡರೆ ಪ್ರಾಣ. ಆ ಮಳೆಗಾಲದಿಂದ ನಮ್ಮ ಮನೆ ತುಂಬಿಯೇ ಇತ್ತು. ತೊಟ್ಟಿಲು, ನೆಂಟರು, ಅಜ್ಜಿಯ ಜೋಗುಳ. ಅಷ್ಟು ಮಂದಿಯ ನಡುವೆ ನಾನು ಮಾತು ಕಡಿಮೆ ಮಾಡಿದೆ, ಅದು ಯಾರ ಗಮನಕ್ಕೂ ಬರಲಿಲ್ಲ. ಜಾಣೆಯಾದಳು ಎಂದರು. ಮದುವೆಯಾಯಿತು, ಮಕ್ಕಳಾದರು. ಕೇಳುವವರು ಬೇಕಾದಷ್ಟಿದ್ದಾರೆ, ಒಳ್ಳೆಯವರೂ ಹೌದು. ಆದರೆ ಬಾಯಿಗೆ ಬಂದ ಮಾತನ್ನು ತಡೆದು, ತೂಗಿ, ಅರ್ಧ ಮಾತ್ರ ಹೊರಗೆ ಬಿಡುವುದನ್ನು ಆ ವರ್ಷವೇ ಕಲಿತುಬಿಟ್ಟೆ. ಮಂಚದ ಪಕ್ಕ ತಣ್ಣನೆಯ ನೆಲಕ್ಕೆ ಕೆನ್ನೆಯಾನಿಸಿ, ಎದೆಯಲ್ಲಿದ್ದುದನ್ನೆಲ್ಲ ಒಂದೂ ಉಳಿಸದೆ ಹೇಳಿಬಿಡುತ್ತಿದ್ದ ಆ ಹುಡುಗಿ ಮತ್ತೆ ನನಗೆ ಸಿಗಲಿಲ್ಲ.