ಬರತೇನಿ ಅಂದ್ರೀ

ತವರಿಗೆ ಬಂದಿದ್ದೆ. ನಿನ್ನೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರದೋ ಮನೆಯಿಂದ ಗುರೆಳ್ಳು ಹುರಿಯುವ ವಾಸನೆ ಬಂತು. ಕೈಯಲ್ಲಿದ್ದ ಚಹಾ ಹಾಗೆಯೇ ಆರಿಹೋಯಿತು. ಬಾಜೂಮನೆಯ ಕಾಕಿ ನೆನಪಾದಳು... ಗುರೆಳ್ಳು ಚಟ್ನಿ ಅಂದರೆ ಅವಳ ಗಂಡನಿಗೆ, ನಮ್ಮ ಕಾಕಾನಿಗೆ, ಪ್ರಾಣ. ಅವರು ರಜೆಗೆ ಬರುತ್ತಾರೆಂದು ಕಾಕಿ ಬಾಯಿ ಬಿಡುವ ಮೊದಲೇ ಆ ವಾಸನೆ ಓಣಿಗೆಲ್ಲ ಹೇಳಿಬಿಡುತ್ತಿತ್ತು.

ಕಾಕಾ ಮಿಲಿಟರಿಯಲ್ಲಿದ್ದರು. ಸರ್ವಿಸ್ ಮುಗಿಸಿ ಇನ್ನೇನು ಊರಿಗೆ ಬರಬೇಕು, ಅಷ್ಟರಲ್ಲಿ ಕಾರ್ಗಿಲ್ ಯುದ್ಧ ಹತ್ತಿಕೊಂಡಿತು. ಮನೆಗೆ ಬಿಡುವುದನ್ನು ನಿಲ್ಲಿಸಿದರು. ಅದು ಯಾರಿಗಾದರೂ ತಿಳಿಯುವ ಮಾತು. ಆದರೆ ಯುದ್ಧ ಗೆದ್ದು, ಚೌಕಿನಲ್ಲಿ ಪೇಢೆ ಹಂಚಿ, ಜನ ಅದನ್ನು ಮರೆತು ಹತ್ತಿ ಬಿಡಿಸಲು ಹೊರಟ ಮೇಲೂ ಕಾಕಾ ಬರಲಿಲ್ಲ. ಬದಲಿ ಜನ ಬರಬೇಕು, ಮೇಲಿಂದ ಆರ್ಡರ್ ಬರಬೇಕು ಎಂದು ಬರೆಯುತ್ತಿದ್ದರು. ಆಮೇಲೆ ಪತ್ರಗಳೂ ನಿಂತವು. ಯುದ್ಧದ ದಿನಗಳಲ್ಲಿ ಓಣಿಯೆಲ್ಲ ಕಾಕಿಯ ಜೊತೆ ಹೆದರುತ್ತಿತ್ತು. ಈಗ ಅವಳೊಬ್ಬಳೇ ಹೆದರಬೇಕಾಗಿತ್ತು.

"ಅಣ್ಣಾರ, ಜಗಳ ಮುಗದೈತಿ ಅಂತಾರ, ಮತ್ಯಾಕ ಬಿಡವಲ್ರು?" ಎಂದು ನಮ್ಮಪ್ಪನನ್ನು ಕೇಳುತ್ತಿದ್ದಳು. ಅಪ್ಪ ಪೇಪರಿನೊಳಗೆ ಮುಖ ಹುದುಗಿಸುತ್ತಿದ್ದರು.

ಅದೇ ಹೊತ್ತಿಗೆ ಕಾಕಾನ ಜೊತೆಗಿದ್ದ ದೊಡವಾಡದ ಜವಾನನೊಬ್ಬ ಕಾಲಿಗೆ ಪೆಟ್ಟಾಗಿ ರಜೆಗೆ ಬಂದ. ಕಾಕಾನನ್ನು ಹಿಮದ ಬೆಟ್ಟದಲ್ಲಿ ಇನ್ನೂ ಮೇಲಿನ ಠಾಣೆಗೆ ಕಳಿಸಿದ್ದಾರೆ ಎಂದು ಹೇಳಲು ಮನೆತನಕ ಬಂದಿದ್ದ, ಪಾಪ. ಅವನು ಬಾಯಿ ತೆರೆಯುವ ಮೊದಲೇ ಕಾಕಿ, ಕಡೆಗೆ ಸಿಕ್ಕಾಗ ಏನಂದರು ಎಂದು ಕೇಳಿದಳು.

"ಗಾಡಿ ಹತ್ತುಮುಂದ, ಬರತೇನಿ ಅಂದ್ರೀ."

ಕಾಕಿಯ ಮುಖ ಅರಳಿದ್ದು ನೋಡಿ ಅವನು ಠಾಣೆಯ ಸುದ್ದಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ. ಚಹಾ ಕುಡಿದು ಎದ್ದುಹೋದ.

ಮರುದಿನ ಓಣಿಯಲ್ಲಿ ಗುರೆಳ್ಳಿನ ವಾಸನೆ. ಆಮೇಲೆ ದಿನವೂ ಮಧ್ಯಾಹ್ನ ಕಾಕಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲತೊಡಗಿದಳು. ಬೆಳಗಾವಿ ಬಸ್ಸು ಬಂದರೆ ಅತ್ತ ಓಡುವಳು, ಧಾರವಾಡದ್ದು ಬಂದರೆ ಇತ್ತ. ಸವದತ್ತಿ ಬಸ್ಸಿನಲ್ಲಿ ಕಾಕಾ ಬರುವ ಮಾತೇ ಇರಲಿಲ್ಲ, ಅದನ್ನೂ ಇಣುಕಿ ನೋಡುವಳು. ಕಾಲೇಜಿನಿಂದ ಬರುವಾಗ ಅವಳನ್ನು ಕಂಡರೆ ನಾನು ಮುಖ ತಪ್ಪಿಸಿ ಬೇರೆ ದಾರಿ ಹಿಡಿಯುತ್ತಿದ್ದೆ.

ಜವಾನನಿಗೂ ತಡೆಯಲಾಗಲಿಲ್ಲ. ಒಂದು ದಿನ ಬಂದು ಅಪ್ಪನಿಗೆ ಎಲ್ಲ ಹೇಳಿದ. ಹೊರಟು ನಿಂತವರು ನಮ್ಮ ಕಡೆ 'ಹೋಗತೇನಿ' ಅನ್ನುವುದಿಲ್ಲ, ಅದು ಅಪಶಕುನ. 'ಬರತೇನಿ' ಎಂದೇ ಹೋಗುತ್ತೇವೆ. ಕಾಕಾ ಅಂದದ್ದೂ ಅಷ್ಟೇ, ಊರಿಗೆ ಬರುವ ಮಾತಲ್ಲ.

ಅವ್ವ ಅದನ್ನು ತಿಳಿಸಿ ಹೇಳಲು ಹೋದಳು. ಬೆನ್ನಿಗೆ ನಾನೂ ಇದ್ದೆ. ಕಾಕಿ ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಿದ್ದಳು.

"ಗೊತ್ತೈತಿ ಅಕ್ಕಾ" ಎಂದಳು. "ಹೋಗತೇನಿ ಅಂದಿಲ್ಲಲ್ಲ... ನನಗ ಅಷ್ಟ ಸಾಕು."

ಕಾಕಾ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಒಂದು ಕಿವಿ ಹೋಗಿತ್ತು, ಉಳಿದಂತೆ ಗಟ್ಟಿ. ಆದರೆ ಕಾಕಿಯ ಜೀವ ಆಮೇಲೂ ನೆಲೆಗೆ ಬರಲಿಲ್ಲ. ಅವರು ಸಂತೆಗೆ ಹೋಗಿ ತುಸು ತಡವಾದರೂ ಬಾಗಿಲಲ್ಲಿ ನಿಂತಿರುವಳು, ಬಂದ ಕೂಡಲೇ ಯಾಕೆ ತಡ ಎಂದು ಜಗಳ ತೆಗೆಯುವಳು. ನಾವೆಲ್ಲ ನಗುತ್ತಿದ್ದೆವು.

ಕಾಕಿ ತೀರಿಕೊಂಡು ವರ್ಷವಾಯಿತು. ನಿನ್ನೆ ಕಾಕಾ ಕಿತ್ತೂರಿನಿಂದ ಬಂದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಬಾಗಿಲ ಕೀಲಿ ತೆಗೆಯುತ್ತ, ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಕಡೆ ತಿರುಗಿದರು.

"ಲಗೂನ ಬಸ್ಸ ಸಿಗಲಿಲ್ಲ ಯವ್ವಾ, ತಡ ಆತು."

ನಾನೇನೂ ಕೇಳಿರಲಿಲ್ಲ.