ರೈಟ್ ಅನ್ನುವ ಮುನ್ನ

ಐವತ್ತರ ದಶಕದಲ್ಲಿ ನಮ್ಮ ಮಧುಗಿರಿ–ಪಾವಗಡ ಬಸ್ಸಿನ ಕಂಡಕ್ಟರಿಗೆ ‘ರೈಟ್’ ಅನ್ನುವಾಗಲೆಲ್ಲ ಎದೆ ಡವಗುಟ್ಟುತ್ತಿತ್ತು. ಪ್ರತಿ ಸ್ಟಾಪಿನಲ್ಲೂ ಇಳಿದು, ಬಗ್ಗಿ ಚಕ್ರಗಳ ಅಡಿ ನೋಡಿ, “ಯಾರೂ ಇಲ್ಲ ತಾನೆ?” ಎಂದು ನಮ್ಮನ್ನು ಕೇಳಿದ ಮೇಲೇ ಅದು ಬಾಯಿಂದ ಹೊರಡುತ್ತಿತ್ತು. ಹೋಟೆಲಿನಲ್ಲಿ ಮಾತ್ರ ಕಾಫಿ ಬಂದರೂ ರೈಟ್, ಲೋಟ ಬರಿದಾದರೂ ರೈಟ್. “ಇಲ್ಲಿ ಎಷ್ಟಂದ್ರೂ ಚಕ್ರ ತಿರ್ಗಲ್ಲ ಕಣಯ್ಯ” ಅನ್ನುತ್ತಿದ್ದ.

ಅವನ ಮಗಳು ಗಂಡನ ಮನೆಗೆ ಹೊರಟದ್ದೂ ಅದೇ ಬಸ್ಸಿನಲ್ಲಿ. ಅಂದು ಅವನಿಗೆ ರಜೆ. ಆದರೂ ಡ್ರೈವರು ಅವನ ಬಾಯನ್ನೇ ನೋಡುತ್ತ ಕೂತಿದ್ದ. ಅವನು ಬಸ್ಸನ್ನು ಮೂರು ಸಲ ಸುತ್ತಿದ.

“ರೈಟ್ ಅನ್ನಪ್ಪಾ, ಹೊತ್ತಾಯ್ತು” ಎಂದಳು ಮಗಳು, ಕಿಟಕಿಯಿಂದ.

“ರೈಟ್” ಎಂದ. ಬಸ್ಸು ಅಲುಗಿದ ಕೂಡಲೇ ತಗಡು ಬಡಿದು “ಹೋಲ್ಡಾನ್!” ಎಂದು ಕೂಗಿದ. ನಾವೆಲ್ಲ ಗಾಬರಿಯಿಂದ ಇಳಿದು ಬಗ್ಗಿ ನೋಡಿದೆವು.

ಚಕ್ರದಡಿ ಯಾರೂ ಇರಲಿಲ್ಲ.